ನಾನೇ ಕೋಚ್ ಆಗಿದ್ದರೆ

ಬೆಂಗಳೂರು ಎಫ್‌ಸಿ ಗೆಲ್ಲಬೇಕಾದರೆ ಏನು ಮಾಡಬೇಕು ಅನ್ನೋದು ಇಬ್ಬರಿಗೆ ಮಾತ್ರ ಗೊತ್ತು. ಒಬ್ಬ ನಾನು, ಇನ್ನೊಬ್ಬರು ನನ್ನ ಹಿಂದಿನ ಸಾಲಿನಲ್ಲಿ ಕೂತು ಗಂಟಲು ಹರಿದುಕೊಳ್ಳುವ ಹಿರಿಯರು. ನಮ್ಮಿಬ್ಬರ ಅಭಿಪ್ರಾಯ ಎಂದೂ ಕೂಡಿಬಂದಿಲ್ಲ, ಅದು ಬೇರೆ ಮಾತು.

ಕಂಠೀರವ ಕ್ರೀಡಾಂಗಣದ ಮೆಟ್ಟಿಲು ಹತ್ತುವಷ್ಟರಲ್ಲೇ ಏದುಸಿರು ಬಿಡುವ ನಾನು, ಸೀಟಿಗೆ ಕುಸಿದ ಕೂಡಲೇ "ಈ ಮಿಡ್‌ಫೀಲ್ಡ್‌ನವರಿಗೆ ಓಡೋಕೇನು ದಾಡಿ?" ಎಂದು ಶುರುಮಾಡುತ್ತೇನೆ. ಸುನಿಲ್ ಛೆಟ್ರಿಗೆ ಇನ್ನು ವಿಶ್ರಾಂತಿ ಕೊಡಬೇಕು, ಹುಡುಗರನ್ನು ಬೆಳೆಸಬೇಕು ಎಂದು ಭಾಷಣ ಬಿಗಿಯುವವನೂ ನಾನೇ. ಆ ಮಹಾನುಭಾವ ನಲವತ್ತು ತುಂಬಿದ ಮೇಲೆ, 2024-25ರ ಐಎಸ್‌ಎಲ್ ಫುಟ್‌ಬಾಲ್ ಲೀಗ್‌ನಲ್ಲಿ 14 ಗೋಲು ಹೊಡೆದರು. ಅವರಿಗಿಂತ ಚಿಕ್ಕವನಾದ ನನಗೆ ಕಾಲುಚೀಲ ಹಾಕಿಕೊಳ್ಳಲು ಗೋಡೆಯ ಆಸರೆ ಬೇಕು.

"2019ರಲ್ಲಿ ಕಪ್ ಗೆದ್ದಿದ್ದನ್ನೇ ಇನ್ನೂ ಎಷ್ಟು ದಿನ ಉಜ್ತೀರಿ?" ಎನ್ನುತ್ತಾಳೆ ಹೆಂಡತಿ. 2023ರಲ್ಲೂ 2025ರಲ್ಲೂ ಫೈನಲ್‌ವರೆಗೆ ಹೋಗಿ, ಎರಡು ಸಲವೂ ಕೋಲ್ಕತ್ತದ ಮೋಹನ್ ಬಗಾನ್‌ಗೇ ಸೋತ ಕತೆ ತೆಗೆದರೆ ಆ ರಾತ್ರಿ ನನಗೆ ಅನ್ನ ಸೇರುವುದಿಲ್ಲ. ಅದು ಗೊತ್ತಿದ್ದೇ ತೆಗೆಯುತ್ತಾಳೆ; ಉಳಿದ ಸಾರು ಬೆಳಿಗ್ಗೆಗಾಗುತ್ತದಲ್ಲ!

ಮೊನ್ನೆ ಮುಂದಿನ ಪಂದ್ಯದ 4-3-3 ವ್ಯೂಹವನ್ನು ದಿನಸಿ ಚೀಟಿಯ ಹಿಂದೆ ಬರೆದಿಟ್ಟಿದ್ದೆ. ಅಂಗಡಿಯ ಶೆಟ್ಟರು ಕನ್ನಡಕ ಏರಿಸಿ, ಗೋಲಿನಲ್ಲಿ ಗುರ್‌ಪ್ರೀತ್‌ನಿಂದ ಹಿಡಿದು ಕೊನೆಯವರೆಗೂ ಬೆರಳಿಟ್ಟು ಓದಿದರು.

"ತೊಗರಿಬೇಳೆ ಎರಡು ಕೆಜಿ ಕಟ್ತೀನಿ ಸಾರ್. ಆದ್ರೆ ಲೆಫ್ಟ್ ಬ್ಯಾಕ್‌ಗೆ ಯಾರನ್ನೂ ಹಾಕೇ ಇಲ್ವಲ್ಲ?"