ವಂಶವೃಕ್ಷವೋ ಚಕ್ಕುಲಿಯೋ

ನಮ್ಮ ಕಡೆ ವಂಶವೃಕ್ಷ ನೆನಪಾಗುವುದು ಎರಡೇ ಹೊತ್ತಿಗೆ: ಬೀಗತನ ಬೆಳೆಸುವಾಗ, ಹೊಲ ಹಂಚಿಕೊಳ್ಳುವಾಗ. ಮೊದಲನೆಯದಕ್ಕೆ ಮನೆಯಲ್ಲೊಬ್ಬ ಹಿರಿಯ ಹೆಂಗಸಿದ್ದರೆ ಸಾಕು. 'ಆಕಿ ನಮ್ಮ ಜಮಖಂಡಿ ಅತ್ತಿಯ ನಾದಿನಿ ಮಗಳು' ಎಂದು ಎಲೆಗೆ ಸುಣ್ಣ ಹಚ್ಚುತ್ತಲೇ ತೀರ್ಪು ಕೊಡುತ್ತಾಳೆ. ಎರಡನೆಯದಕ್ಕೆ ನಾಡಕಚೇರಿಗೆ ಎಡತಾಕಬೇಕು, ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಬೇಕು, ತಲಾಟಿಯ ಕೈಕಾಲು ಹಿಡಿಯಬೇಕು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂದ ಮೇಲಂತೂ, ಅಲ್ಲಿಯತನಕ ಬೋಳಾಗಿದ್ದ ಎಷ್ಟೋ ವಂಶವೃಕ್ಷಗಳಲ್ಲಿ ಹೊಸ ಕೊಂಬೆಗಳು ಚಿಗುರಿದವು. ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಬೇಕಲ್ಲ!

ಹಂಚಿಕೊಳ್ಳಲು ಏನೂ ಇಲ್ಲದಿದ್ದರೂ ವಂಶ ಹುಡುಕುವವರಿದ್ದಾರೆಂದು ತಿಳಿದದ್ದು ನ್ಯೂಜೆರ್ಸಿಯ ಮಗನ ಮನೆಯಲ್ಲಿ. ಅವನು ಡಿಸ್ಕೌಂಟಿನಲ್ಲಿ ತರಿಸಿದ ಡಿಎನ್ಎ ಪರೀಕ್ಷೆಯ ಡಬ್ಬಿಯೊಳಗೆ ಒಂದು ಪ್ಲಾಸ್ಟಿಕ್ ನಳಿಕೆ. ಅದರಲ್ಲಿ ಗೆರೆ ಮುಟ್ಟುವತನಕ ಉಗುಳಬೇಕು, ನೊರೆ ಲೆಕ್ಕಕ್ಕಿಲ್ಲ. ಅದಕ್ಕೂ ಮೊದಲು ಅರ್ಧ ಗಂಟೆ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಎಲೆಯಡಿಕೆಯ ಮಾತಂತೂ ಎತ್ತುವಂತೆಯೇ ಇಲ್ಲ. ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಮೂರು ಮಾರು ದೂರದ ಗುರಿ ತಪ್ಪದ ನನಗೆ, ಮಗ, ಸೊಸೆ, ಮೊಮ್ಮಗಳು ಸುತ್ತ ನಿಂತು ನೋಡತೊಡಗಿದಾಗ ಬಾಯಿಗೆ ಬರಗಾಲ ಬಡಿಯಿತು. 'ಹುಣಸೀಹಣ್ಣು ನೆನಸ್ಕೊಳ್ರಿ' ಎಂದಳು ಹೆಂಡತಿ. ಆಮೇಲೆ ಹನಿ ಹನಿಯಾಗಿ ಗೆರೆ ಮುಟ್ಟಿತು. ಮುಚ್ಚಳ ಬಿಗಿದೊಡನೆ ಅದರೊಳಗಿನ ನೀಲಿ ದ್ರವ ಇಳಿದು ನನ್ನ ಪೂರ್ವಿಕರ ಜೊತೆ ಬೆರೆಯಿತು.

ಕೆಲವು ವಾರಗಳ ಮೇಲೆ ಫಲಿತಾಂಶ ಬಂತು: ನೂರಕ್ಕೆ ನೂರು ದಕ್ಷಿಣ ಭಾರತ. ಇಷ್ಟು ಹೇಳಲು ಡಾಲರ್ ಯಾಕೆ? ವಿಮಾನ ನಿಲ್ದಾಣದ ಅಧಿಕಾರಿ ನನ್ನ ಮುಖ ನೋಡಿಯೇ ಪುಕ್ಕಟೆ ಹೇಳುತ್ತಿದ್ದ. 'ಇದು ಅಂದಾಜಷ್ಟೇ ಅಪ್ಪಾ, ಹೋಲಿಸಲಿಕ್ಕೆ ಮಾದರಿ ಹೆಚ್ಚಾದಂಗ ಲೆಕ್ಕ ಬದಲಾಗ್ತದ' ಎಂದ ಮಗ. ಅಂದರೆ, ಮಣ್ಣು ಸೇರಿದ ಮುತ್ತಜ್ಜನಿಗೂ ಅಪ್‌ಡೇಟ್ ತಪ್ಪಿದ್ದಲ್ಲ.

ನಿಜವಾದ ಪಜೀತಿ ಶುರುವಾದದ್ದು ಆನ್‌ಲೈನಿನಲ್ಲಿ ವಂಶವೃಕ್ಷ ಬರೆಯುವಾಗ. ನನ್ನಪ್ಪ ಕಟ್ಟಿಕೊಂಡದ್ದು ಸ್ವಂತ ಅಕ್ಕನ ಮಗಳನ್ನು. ಹೀಗಾಗಿ ನನ್ನ ಅತ್ತಿಯೇ ನನ್ನ ಅಜ್ಜಿ. ಅಪ್ಪನ ಅವ್ವ ನನಗೆ ಅಜ್ಜಿಯೂ ಹೌದು, ಮುತ್ತಜ್ಜಿಯೂ ಹೌದು. ಮಗ ಅತ್ತಿಯ ಹೆಸರನ್ನು ಎರಡು ಕಡೆ ತುಂಬಿದ. ಇವರಿಬ್ಬರೂ ಒಬ್ಬರೇ ಇದ್ದಂತಿದೆ, ಕೂಡಿಸಲೇ ಎಂದು ಕಂಪ್ಯೂಟರ್ ಕೇಳಿತು. ಕೂಡಿಸಿದ. ಗೆರೆಗಳೆಲ್ಲ ಒಂದರೊಳಗೊಂದು ಸುತ್ತಿಕೊಂಡು ವೃಕ್ಷ ಹೋಗಿ ಚಕ್ಕುಲಿಯಾಯಿತು.

ಜೆಡ್‌ಮ್ಯಾಚ್ ಎಂಬ ತಾಣದಲ್ಲಂತೂ 'ನಿಮ್ಮ ತಂದೆತಾಯಿ ಸಂಬಂಧಿಕರೇ?' ಎಂದು ಪತ್ತೆ ಹಚ್ಚುವುದಕ್ಕೇ ಒಂದು ಸೌಲಭ್ಯವಿದೆ. ಮಗ ಅದನ್ನು ದನಿ ತಗ್ಗಿಸಿ ಓದಿ ಹೇಳಿದ. 'ಸಂಬಂಧ ಇಲ್ಲದವರಿಗೆ ಯಾರರ ಹೆಣ್ಣ ಕೊಡ್ತಾರೇನು?' ಎಂದಳು ನನ್ನ ಹೆಂಡತಿ. ಸೋದರಮಾವ ಮತ್ತು ಸೋದರಸೊಸೆಯ ಡಿಎನ್ಎ ಸರಾಸರಿ ಕಾಲು ಭಾಗ ಒಂದೇ ಆಗಿರುತ್ತದಂತೆ. 1955ರ ಹಿಂದೂ ವಿವಾಹ ಕಾಯ್ದೆ ಇಂಥ ಮದುವೆಯನ್ನು ನಿಷೇಧದ ಪಟ್ಟಿಗೆ ಸೇರಿಸಿ, ರೂಢಿಯಲ್ಲಿದ್ದರೆ ಆಗಬಹುದು ಎಂದು ಹಿತ್ತಲ ಬಾಗಿಲು ತೆರೆದಿಟ್ಟಿತು. ಆ ಬಾಗಿಲಿನಿಂದ ಬಂದವನು ನಾನು.

ಇಂಥ ಅಧಿಕಪ್ರಸಂಗದ ಪ್ರಶ್ನೆಗಳನ್ನು ನಮ್ಮ ಹೆಳವ ಎಂದೂ ಕೇಳಿದವನಲ್ಲ. ಎತ್ತನ್ನೇರಿ, ಗಂಟೆ ಬಾರಿಸುತ್ತ ಬಂದು ಅಂಗಳದಲ್ಲಿ ನಿಂತು, ಮೂಲಪುರುಷನಿಂದ ಹಿಡಿದು ಅಪ್ಪನವರೆಗೆ ಹೆಸರುಗಳನ್ನು ಒಪ್ಪಿಸುತ್ತಿದ್ದ. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಜೋಳ, ಧೋತರ, ದಕ್ಷಿಣೆ ಪಡೆದು ಮುಂದಿನ ಮನೆಗೆ ನಡೆಯುತ್ತಿದ್ದ. ಪಾಸ್‌ವರ್ಡ್ ಇಲ್ಲ, ವರ್ಷದ ಚಂದಾ ಇಲ್ಲ. 2025ರ ಮಾರ್ಚ್‌ನಲ್ಲಿ ಟ್ವೆಂಟಿತ್ರೀ ಆಂಡ್ ಮೀ ಎಂಬ ಡಿಎನ್ಎ ಪರೀಕ್ಷೆಯ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ತಮ್ಮ ಉಗುಳಿನ ಗತಿಯೇನೆಂದು ಜನ ಕಂಗಾಲಾದರು. ಹೆಳವನ ಎತ್ತು ದಿವಾಳಿ ಎದ್ದದ್ದನ್ನು ನಾನಂತೂ ಕೇಳಿಲ್ಲ.

ಆದರೆ ಹೆಳವನ ಪಟ್ಟಿಯಲ್ಲಿ ಗಂಡಸರದೇ ದರಬಾರು. ಮೈಟೊಕಾಂಡ್ರಿಯಾದ ಡಿಎನ್ಎ ಮಾತ್ರ ತಾಯಿಯಿಂದಲೇ ಮಕ್ಕಳಿಗೆ ಬರುವಂಥದ್ದು; ಅದನ್ನು ಮುಂದಕ್ಕೆ ದಾಟಿಸುವವರೂ ಹೆಣ್ಣುಮಕ್ಕಳೇ. ನನ್ನ ಅವ್ವ, ಅವಳ ಅವ್ವ, ಅವಳವ್ವ ಎಂದು ಹೆಸರೂ ಉಳಿಯದ ಸಾಲೊಂದು ಆ ನಳಿಕೆಯಲ್ಲಿ ಸಿಕ್ಕಿಬಿದ್ದಿತ್ತು. 'ನೋಡ್ರಿ, ಎತ್ತಿನ ಮ್ಯಾಲೆ ಕುಂತಾಂವ ಬಿಟ್ಟದ್ದನ್ನ ಉಗುಳು ಹಿಡೀತು' ಎಂದಳು ಹೆಂಡತಿ. ಅಂದಿನಿಂದ ಅವಳಿಗೆ ವಿಜ್ಞಾನದಲ್ಲಿ ನಂಬಿಕೆ ಹೆಚ್ಚಿದೆ.

ಕೊನೆಗೆ 'ನಿಮ್ಮ ಸಂಬಂಧಿಗಳು' ಎಂಬ ಪಟ್ಟಿ ತೆರೆದೆವು. ಮೊದಲ ಹೆಸರೇ ನಮ್ಮ ಕಾಕಾನ ಮಗನದು! ಟೆಕ್ಸಾಸಿನ ಮಗಳ ಮನೆಗೆ ಹೋದಾಗ ಅವನೂ ಉಗುಳಿ ಬಂದಿದ್ದ. ನಮ್ಮ ಅಪ್ಪಂದಿರು ಅಣ್ಣತಮ್ಮಂದಿರು, ಅವ್ವಂದಿರು ಅಕ್ಕತಂಗಿಯರು. ಹೀಗಾಗಿ ಡಿಎನ್ಎ ಕಾಲು ಭಾಗಕ್ಕೂ ಮಿಗಿಲಾಗಿ ಹೊಂದಿತ್ತು. ಒಳಗಿನ ಕತೆ ತಿಳಿಯದ ಕಂಪ್ಯೂಟರ್, ಇವರು ನಿಮ್ಮ ಮಲಸಹೋದರ ಇರಬಹುದು ಎಂದು ಊಹಿಸಿತ್ತು. 'ಮಾವನವರು ಅಂಥವರಲ್ಲ ಬಿಡ್ರಿ' ಎಂದಳು ಹೆಂಡತಿ, ತುಸು ತಡೆದು. ಕೆಳಗೊಂದು ಹಸಿರು ಗುಂಡಿ: 'ಪರಿಚಯ ಮಾಡಿಕೊಳ್ಳಿ.'

ಪರಿಚಯವಂತೆ! ಹೊಲದ ಬದುವಿನ ದಾವೆಯಲ್ಲಿ ಅವನು ವಾದಿ, ನಾನು ಪ್ರತಿವಾದಿ. ಎದುರಾದರೆ ಮಾತಿಲ್ಲ, ಯೋಗಕ್ಷೇಮವೆಲ್ಲ ವಕೀಲರ ಮುಖಾಂತರ. ನಾನು ಗುಂಡಿ ಒತ್ತಲಿಲ್ಲ. ಮಾರನೆಯ ದಿನ ಅವನೇ ಒತ್ತಿದ್ದ. ಮೆಸೇಜ್ ಹೀಗಿತ್ತು: 'ಮುಂದಿನ ತಾರೀಖಿಗೆ ಊರಾಗ ಇರ್ತೀಯೇನು? ಇದ್ದರ ಒಂದ ಗಾಡ್ಯಾಗ ಹೋಗೂಣು. ಇಬ್ಬರೂ ಬ್ಯಾರೆ ಬ್ಯಾರೆ ಪೆಟ್ರೋಲ್ ಯಾಕ ಸುಡೂದು?'