ಲಡಾಖಿಗೆ ಹೊರಟ ಖಡಕ್ ರೊಟ್ಟಿ

ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಮಾಡಿದ ಯಾವ ತೀರ್ಮಾನಕ್ಕೂ ಕಿಮ್ಮತ್ತು ಕೊಡಬಾರದು. ಬಿಸಿಲು 43 ಡಿಗ್ರಿ ದಾಟಿ, ಕೂಲರು ಬಿಸಿಗಾಳಿಯನ್ನೇ ಒದ್ದೆ ಮಾಡಿ ಮುಖಕ್ಕೆ ರಾಚುತ್ತಿರುವಾಗ ಮನುಷ್ಯ ಏನನ್ನು ಬೇಕಾದರೂ ಒಪ್ಪುತ್ತಾನೆ. ನಾನು ಲಡಾಖ್ ಒಪ್ಪಿದೆ.

ಬೆಂಗಳೂರಿನಲ್ಲಿರುವ ಮಗ ಮೊಬೈಲಿಗೆ ಫೋಟೊ ಕಳಿಸಿದ್ದ. ಪ್ಯಾಂಗಾಂಗ್ ಸರೋವರ, ಆಕಾಶಕ್ಕಿಂತ ನೀಲಿ ನೀರು, ದಂಡೆಯ ಮೇಲೆ ಸಾಲಾಗಿ ಕಟ್ಟಿಗೆಯ ಪುಟ್ಟ ಕ್ಯಾಬಿನ್ನುಗಳು. ‘ಅಪ್ಪಾ, ಮೊದಲು ಲೇಹ್, ಆಮ್ಯಾಲೆ ನುಬ್ರಾ, ಕಡೀಗೆ ಈ ಕ್ಯಾಬಿನ್‌ದಾಗ ಒಂದು ರಾತ್ರಿ. ನೀ ಬರೇ ಹ್ಞೂಂ ಅನ್ನು, ಉಳಿದದ್ದು ನಾ ನೋಡ್ಕೊಂತೀನಿ.’ ಹ್ಞೂಂ ಅಂದೆ. ಉಳಿದದ್ದನ್ನು ನೋಡಿಕೊಳ್ಳಲು ದೇವದುರ್ಗದಿಂದ ಅತ್ತೆ ಬಂದರು, ಮಾನ್ವಿಯಿಂದ ಭಾವ ಬಂದರು.

ಅತ್ತೆ ಕನ್ನಡಕ ಏರಿಸಿ ಫೋಟೊವನ್ನು ಬಹಳ ಹೊತ್ತು ನೋಡಿದರು. ‘ಇದೇನ್ರಿ ಅಳಿಯಂದ್ರ, ಒಂದ್ ಗಿಡ ಇಲ್ಲ, ಬರೇ ಕಲ್ಲು. ನಮ್ಮ ದೇವದುರ್ಗದ ಗುಡ್ಡ ಏನ್ ಪಾಪ ಮಾಡಿತ್ತು?’

ಇಂಥ ಅವಕಾಶ ಸಿಕ್ಕರೆ ನಾನು ಬಿಡುವವನಲ್ಲ. ಅದು ಶೀತ ಮರುಭೂಮಿ, ಮಳೆಮೋಡವನ್ನೆಲ್ಲ ಹಿಮಾಲಯ ಆಚೆಯೇ ತಡೆದುಬಿಡುತ್ತದೆ, ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಕೂಡಿಸಿದರೂ ಸುಮಾರು 100 ಮಿಲಿಮೀಟರ್ ಎಂದು ಕೈ ತಿರುಗಿಸುತ್ತ ವಿವರಿಸಿದೆ.

‘ಅಂದ್ರ ಬರಗಾಲ ಅನ್ರಿ. ಬರಗಾಲ ನೋಡಾಕ ರೊಕ್ಕ ಕೊಟ್ಟು ಹೋಗೋರನ್ನ ಇವತ್ತ ಕಂಡೆ’ ಎಂದು ಮೊಬೈಲು ಹಿಂದಿರುಗಿಸಿದರು.

ಊಟದ ವಿಷಯ ಬಂದಾಗ ಮಾತ್ರ ಅವರ ಉತ್ಸಾಹ ಕೆರಳಿತು. ಭಾವ ತಮ್ಮ ಗದ್ದೆಯ ಸೋನಾ ಮಸೂರಿ ಒಂದು ಚೀಲ ಕೊಡುತ್ತೇನೆ ಎಂದಿದ್ದರು. ಎತ್ತರ ಹೆಚ್ಚಾದಂತೆ ಗಾಳಿಯ ಒತ್ತಡ ಇಳಿದು ನೀರಿಗೆ ಅವಸರ ಹೆಚ್ಚುತ್ತದೆ. ಪ್ಯಾಂಗಾಂಗಿನ 4,300 ಮೀಟರ್ ಎತ್ತರದಲ್ಲಿ 85–86 ಡಿಗ್ರಿಗೇ ಕುದಿ ಬಂದುಬಿಡುತ್ತದೆ, ಕುಕ್ಕರ್ ಇಲ್ಲದೆ ಅನ್ನ ನೆಟ್ಟಗೆ ಬೇಯುವುದಿಲ್ಲ ಎಂದೆ. ಭಾವನ ಮುಖ ಕಪ್ಪಿಟ್ಟಿತು. ‘ನನ್ನ ನೆಲ್ಲು ಬೇಯಂಗಿಲ್ಲ ಅಂತಿಯೇನು ತಮ್ಮಾ?’

‘ಅಕ್ಕಿ ತಪ್ಪಲ್ಲ ಭಾವಾರ, ಗುಡ್ಡದ ತಪ್ಪು.’

‘ಅದಕ್ಕ ಅನ್ನೋದು ಜ್ವಾಳ’ ಎಂದರು ಅತ್ತೆ, ಮಾನ್ವಿ ಕಡೆ ನೋಡದೆಯೇ. ಕಾಲುವೆ ನೀರು ಬಂದ ಮೇಲೆ ಜೋಳ ಬಿಟ್ಟು ನೆಲ್ಲಿಗೆ ಬಿದ್ದವರ ಮೇಲೆ ಅವರಿಗೆ ಹಳೆಯ ಸಿಟ್ಟು. ಖಡಕ್ ರೊಟ್ಟಿಗೆ ಕುಕ್ಕರು ಬೇಡ, ನೀರು ಬೇಡ, ತಿಂಗಳಾದರೂ ಕೆಡುವುದಿಲ್ಲ. ಅಂದು ಸಂಜೆಯೇ ಪಟ್ಟಿ ತಯಾರಾಯಿತು: ನೂರು ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಉಪ್ಪಿನಕಾಯಿ ಭರಣಿ, ಮಂಡಾಳು ಒಂದು ಚೀಲ. ಭಾವನ ಹಟಕ್ಕೆ ಅಕ್ಕಿ, ಅಕ್ಕಿಯ ಹಟಕ್ಕೆ ಐದು ಲೀಟರ್ ಕುಕ್ಕರು. ವಿಮಾನದಲ್ಲಿ ತಲೆಗೆ 15 ಕಿಲೋ ಎಂದು ಮಗ ಎಚ್ಚರಿಸಿದ್ದ. ನಮ್ಮೂರ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ 40 ಅಡಿಗೂ ಉದ್ದದ ಕಲ್ಲೊಂದಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಚಿತ್ರವಾಗಿ ಕೊರೆದಿದ್ದಾರೆ. ನಮಗೆ ಬೇಕಾದದ್ದು ಆ ಬಂಡಿ.

ಶಾಸನ ನೆನಪಾಗಲು ಕಾರಣವಿತ್ತು. ಉಸಿರಿನ ಪರೀಕ್ಷೆಗೆಂದು ಬೆಳಿಗ್ಗೆ ಕೋಟೆಯ ಗುಡ್ಡ ಹತ್ತುವ ಕಾರ್ಯಕ್ರಮ ಹಾಕಿಕೊಂಡಿದ್ದೆ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಲೇಹ್ 3,500. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಗುಡ್ಡದ ಅರ್ಧದಲ್ಲೇ ನಾನು ಬಂಡೆಗೆ ಒರಗಿ ಶಿಲ್ಪವಾಗಿದ್ದೆ. ಪಕ್ಕದಲ್ಲಿ ಮೇಕೆ ಕಾಯುವ ಹುಡುಗ ನನ್ನನ್ನೂ ಮೇಕೆಯನ್ನೂ ನೋಡಿ, ಮೇಕೆಯ ಕಡೆಗೇ ಹೆಚ್ಚು ವಿಶ್ವಾಸದಿಂದ ತಿರುಗಿದ. ಲೇಹ್‌ಗೆ ಇಳಿದ ಮೇಲೆ ಮೊದಲೆರಡು ದಿನ ಓಡಾಡದೆ ಸುಮ್ಮನೆ ಮಲಗಿರಬೇಕು, ದೇಹ ಎತ್ತರಕ್ಕೆ ಹೊಂದಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದನ್ನು ಹೆಂಡತಿಗೆ ತಿಳಿಸಿದೆ. ‘ಅದಕ್ಕೇನು ನಿಮಗ ತಯಾರಿ ಬ್ಯಾಡ್ರಿ’ ಎಂದಳು. ಆಮ್ಲಜನಕದ ಲೆಕ್ಕ ಕೇಳಿದ ಮೇಲಂತೂ ಅವಳಿಗೆ ಪ್ರವಾಸದ ಮೇಲೆ ಪ್ರೀತಿಯೇ ಹುಟ್ಟಿತು. ‘ಗೊರಕಿ ಹೊಡಿಯಾಕ ಸಾಲುವಷ್ಟು ಗಾಳಿ ಅಲ್ಲಿ ಇರಂಗಿಲ್ಲ. ಹೋಗೋಣ ನಡೀರಿ.’

ತೀನ್ ಕಂದೀಲ್ ಬಳಿಯ ಅಂಗಡಿಯೊಂದರಲ್ಲಿ ಉಣ್ಣೆಯ ಒಳಅಂಗಿ ಕೇಳಿದಾಗ, ಅಂಗಡಿಯವನು ಹಣೆಯ ಬೆವರು ಒರೆಸುತ್ತ ‘ಚಳಿಜ್ವರ ಏನ್ರಿ ಸಾಹೇಬ್ರ?’ ಎಂದು ಕಳಕಳಿಯಿಂದ ವಿಚಾರಿಸಿದ. ಅಟ್ಟದಿಂದ ಧೂಳು ಕೊಡವಿ ತೆಗೆದುಕೊಟ್ಟ ಮಂಕಿ ಟೋಪಿಗೆ ಅರ್ಧ ದರ ಹಾಕಿದ. ಉಳಿದದ್ದನ್ನೆಲ್ಲ ಮಗ ಬೆಂಗಳೂರಿಂದ ಕಳಿಸಿದ, ಜೊತೆಗೆ ತನ್ನ ಹಳೆಯ ಟೆಂಟು ಮತ್ತು ಸ್ಲೀಪಿಂಗ್ ಬ್ಯಾಗು. ಕ್ಯಾಬಿನ್ ಸಿಗದಿದ್ದರೆ ಇರಲಿ ಎಂದು.

ರೂಢಿಯಾಗಲೆಂದು ಟೆಂಟನ್ನು ಮಾಳಿಗೆಯ ಮೇಲೆ ಹಾಕಿದೆ. ಬೇಸಿಗೆಯಲ್ಲಿ ನಮ್ಮ ಓಣಿಯೇ ಮಾಳಿಗೆಯ ಮೇಲೆ ಮಲಗುತ್ತದೆ, ಬನಿಯನ್ನು ಕೂಡ ಭಾರವೆನಿಸುವ ರಾತ್ರಿಗಳವು. ನಾನು ಉಣ್ಣೆಯ ಒಳಅಂಗಿ, ಮಂಕಿ ಟೋಪಿ, ಕೈಗವಸು ತೊಟ್ಟು, ಮೈನಸ್ ಐದು ಡಿಗ್ರಿ ತಡೆಯುವ ಚೀಲದೊಳಗೆ ಇಳಿದು ಕುತ್ತಿಗೆಯವರೆಗೆ ಜಿಪ್ ಎಳೆದುಕೊಂಡೆ. ಹಗಲಿಡೀ ಕಾದ ಗಚ್ಚು ಕೆಳಗಿಂದ ಬೇಯಿಸತೊಡಗಿತು. ಎರಡು ಸೊಳ್ಳೆ ನನಗಿಂತ ಮುಂಚೆಯೇ ಒಳಗೆ ಸೇರಿದ್ದವು. ಜಿಪ್ ಇಳಿಸಲು ಹೋದರೆ ಅದು ಒಳಅಂಗಿಯನ್ನು ಕಚ್ಚಿಕೊಂಡಿತ್ತು. ಕೈಗವಸಿನ ಬೆರಳಿಗೆ ಅದರ ನಾಲಿಗೆ ಸಿಗಲಿಲ್ಲ. ಹಾಗೇ ಚೀಲಸಮೇತ ಹೊರಳುತ್ತ ಟೆಂಟಿನ ಬಾಗಿಲಿಗೆ ಬಂದು ಮುಖ ಹೊರಹಾಕಿದೆ. ಪಕ್ಕದ ಮಾಳಿಗೆಯ ಹುಡುಗ ಎದ್ದು ಕುಳಿತ. ‘ಯಾಕ್ರಿ ಕಾಕಾ, ಮನ್ಯಾಗ ಜಗಳ ಆಗೇತೇನ್ರಿ?’ ಕೆಳಗಿನಿಂದ ಹೆಂಡತಿಯ ಉತ್ತರ ಬಂತು: ‘ಇಲ್ಲಪಾ, ಲಡಾಖಿಗೆ ಹೋಗ್ಯಾರ.’

ಇಷ್ಟೆಲ್ಲ ಆದರೂ ದಿನಾಂಕ ಗೊತ್ತಾಗಿರಲಿಲ್ಲ. ಅಲ್ಲಿಗೆ ಹೋಗಲು ಒಳ್ಳೆಯ ಕಾಲ ಜೂನ್‌ನಿಂದ ಸೆಪ್ಟೆಂಬರ್. ಭಾವನಿಗೆ ಅದೇ ಕಾಲದಲ್ಲಿ ತುಂಗಭದ್ರಾ ಎಡದಂಡೆಗೆ ನೀರು, ಸಸಿ ಮಡಿ, ನಾಟಿ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗಿನಿಂದ ಅವರು ಬೆಳಿಗ್ಗೆ ದೇವರಿಗೆ ಕೈಮುಗಿಯುವ ಮೊದಲು ಮೊಬೈಲಿನಲ್ಲಿ ಜಲಾಶಯದ ಮಟ್ಟ ನೋಡುತ್ತಾರೆ. ಅತ್ತೆಗೆ ಪಂಚಮಿ ದೇವದುರ್ಗದಲ್ಲೇ ಆಗಬೇಕು. ಹೆಂಡತಿಗೆ ಶ್ರಾವಣ ಸೋಮವಾರ. ಆಮೇಲೆ ಗಣಪ್ಪ. ‘ಜನವರಿದಾಗ ನಾ ಪೂರಾ ಖಾಲಿ’ ಎಂದರು ಭಾವ. ಜನವರಿಯಲ್ಲಿ ಲೇಹ್‌ನ ರಾತ್ರಿ ಮೈನಸ್ 15ರ ಆಸುಪಾಸು ಎಂದು ಮಗ ತಿಳಿಸಿದ. ‘ಅಷ್ಟ್ ಕಮ್ಮೀನಾ? ಒಂದ್ ರಗ್ಗು ಹೆಚ್ಚಿಗಿ ಒಯ್ಯೋಣು.’

ದಾರಿಯೂ ಬದಲಾಗುತ್ತಿತ್ತು. ಅತ್ತೆಗೆ ವಿಮಾನ ಬೇಡ, ದೆಹಲಿಯವರೆಗಾದರೂ ಕರ್ನಾಟಕ ಎಕ್ಸ್‌ಪ್ರೆಸ್. ಅದು ನಮ್ಮೂರಿನ ಮೇಲೆಯೇ ಹೋಗುತ್ತದಲ್ಲ. ‘ಹೆಂಗೂ ಹೊಂಟೀವಿ, ನಡುವ ಗಾಣಗಾಪುರ ಐತಿ. ಸೊಲ್ಲಾಪುರದಾಗ ಇಳಿದ್ರ ಪಂಢರಪುರ. ಕೋಪರಗಾಂವದಾಗ ಇಳಿದ್ರ ಶಿರಡಿ.’ ಮಥುರೆ ಮುಗಿಯುವ ಹೊತ್ತಿಗೆ ನನ್ನ ರಜೆಯೂ ಮುಗಿಯುತ್ತಿತ್ತು, ರೊಟ್ಟಿಯೂ.

ಕೊನೆಗೆ ಮಗ ಬೇಸತ್ತು ನುಬ್ರಾದಲ್ಲಿ ನಾವು ಉಳಿಯಬೇಕಿದ್ದ ಮನೆಯವರ ನಂಬರು ಕೊಟ್ಟು ನೀವೇ ಮಾತಾಡಿ ಎಂದ. ನಾನು ಹಿಂದಿಯನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುವಷ್ಟರಲ್ಲಿ ಭಾವ ಫೋನು ಕಸಿದರು. ‘ಭಾಯಿ ಸಾಬ್, ಉಧರ್ ಕೆನಾಲ್ ಕಾ ಪಾನಿ ಕಬ್ ಛೋಡ್ತೇ?’

ಆ ಕಡೆಯವನೂ ರೈತ. ಹಿಮ ಕರಗಿದ ನೀರೇ ತಮ್ಮ ಕಾಲುವೆ, ಊರಲ್ಲಿ ಚುರ್ಪೋನ್ ಎಂಬಾತ ಯಾವ ಹೊಲಕ್ಕೆ ಯಾವಾಗ ನೀರು ಎಂದು ಪಾಳಿಯ ಪ್ರಕಾರ ಹಂಚುತ್ತಾನೆ ಎಂದ. ಭಾವನ ಗದ್ದೆ ಕಾಲುವೆಯ ಕಡೇ ಭಾಗದಲ್ಲಿದೆ. ‘ಕಡೀ ಹೊಲಕ್ಕೂ ಮುಟ್ಟತೈತಿ?’ ಎಂದು ಕನ್ನಡದಲ್ಲೇ ಕೂಗಿ, ಆಮೇಲೆ ಹಿಂದಿಗೆ ತಿರುಗಿದರು. ಬಾರ್ಲಿ, ಗೊಬ್ಬರ, ಏಪ್ರಿಕಾಟ್ ಹಣ್ಣಿನ ರೇಟು ಎಲ್ಲ ಆಯಿತು. ಕೋಣೆಯ ಬಾಡಿಗೆ ಕೇಳಲೇ ಇಲ್ಲ. ಫೋನಿಟ್ಟು ನನ್ನ ಕಡೆ ಗಂಭೀರವಾಗಿ ತಿರುಗಿದರು.

‘ಜೂನ್, ಜುಲೈದಾಗ ಅವರಿಗೂ ನೀರು ಹಾಯ್ಸೋ ಕಾಲ ಅಂತ ತಮ್ಮಾ. ಅಂಥಾ ಹೊತ್ತಿನ್ಯಾಗ ರೈತರ ಮನಿಗೆ ಎಂಟ್ ಮಂದಿ ಬೀಗರು ಹೋಗಿ ಕುಂದ್ರೋದು ಚೊಲೋ ಅಲ್ಲ. ನಾಟಿ ಮುಗಿದ ಮ್ಯಾಲೆ ಅವನ್ನೇ ಮಾನ್ವಿಗೆ ಬಾ ಅಂದೀನಿ.’

‘ಯಾವಾಗ?’ ಎಂದೆ.

‘ಜನವರಿದಾಗ. ಚಳಿ ತಡಿಯಾಕ ಆಗವಲ್ದು ಅಂದ.’