ಕನ್ನಡದಲ್ಲಿ ಇಮೇಲ್ ಕಳಿಸುವ ನನ್ನ ಬ್ಯಾಂಕಿನವರಿಗೆ

ಮಾನ್ಯರೇ,

ನನಗೆ ಕಣ್ಣು ಕಾಣುವುದಿಲ್ಲ. ನಿಮ್ಮ ಇಮೇಲುಗಳನ್ನು ಕಂಪ್ಯೂಟರಿನ ಸ್ಕ್ರೀನ್ ರೀಡರ್ ನನಗೆ ಓದಿ ಹೇಳುತ್ತದೆ. ಗ್ರಾಹಕರಿಗೆ ಕನ್ನಡದಲ್ಲೇ ಬರೆಯುತ್ತೇವೆ ಎಂದು ನೀವು ತಿಳಿಸಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ಉಪಕಾರವನ್ನು ಮರೆತಿಲ್ಲ.

ಮೊದಲ ಪತ್ರ ಬಂದಾಗ ಇಯರ್‌ಫೋನ್ ಹಾಕಿಕೊಂಡು ಕೂತೆ. "ಫೋರ್ ಥೌಸಂಡ್ ಫೈವ್ ಹಂಡ್ರೆಡ್" ಎಂದಿತು ದನಿ. ಮೌನ. "ಫಿಫ್ಟೀನ್." ಮತ್ತೆ ಮೌನ. "ಓಟಿಪಿ." ಅಲ್ಲಿಗೆ ಪತ್ರ ಮುಗಿಯಿತು. ನಾಲ್ಕೂವರೆ ಸಾವಿರ ಬಂತೋ ಹೋಯಿತೋ, ಹದಿನೈದು ಅಂದದ್ದು ತಾರೀಖೋ ದಿನದ ಲೆಕ್ಕವೋ, ಒಂದೂ ತಿಳಿಯಲಿಲ್ಲ. ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಿದೆ. ಸಾಲದ ಕಂತು ತಪ್ಪಿದ್ದು ನನಗಿಂತ ಮೊದಲು ಅವನಿಗೆ ಗೊತ್ತಾಯಿತು. ಖಾತೆಯ ವಿವರ ಯಾರಿಗೂ ಹೇಳಬೇಡಿ ಎಂದು ಕೊನೆಯಲ್ಲಿ ಕಾಳಜಿಯಿಂದ ಬರೆದಿದ್ದಿರಿ. ಅದನ್ನೂ ಅವನೇ ಓದಿದ.

ಕಾರಣ ಬಹಳ ಸಣ್ಣದು. ಎಚ್‌ಟಿಎಂಎಲ್ ಪತ್ರದ ಮೊದಲಲ್ಲೇ ಭಾಷೆ ಯಾವುದೆಂದು ಹೇಳುವ 'ಲ್ಯಾಂಗ್' ಎಂಬ ಗುರುತು ಇರುತ್ತದೆ. ಹಳೆಯ ಟೆಂಪ್ಲೇಟಿನಲ್ಲಿ ಅಲ್ಲಿ ಇಂಗ್ಲಿಷಿನ 'ಇಎನ್' ಇತ್ತು. ಒಳಗಿನದನ್ನೆಲ್ಲ ಕನ್ನಡ ಮಾಡಿದ ನೀವು ಅದೊಂದನ್ನು ಹಾಗೇ ಬಿಟ್ಟಿರಿ. ಸ್ಕ್ರೀನ್ ರೀಡರ್ ನಿಮ್ಮ ಮಾತನ್ನು ನಂಬಿ ಇಂಗ್ಲಿಷ್ ದನಿಗೆ ಪತ್ರವನ್ನು ಕೊಟ್ಟಿತು. ಆ ದನಿಗೆ ಕನ್ನಡ ಅಕ್ಷರ ಬಾರದು. ಅಂಕಿಗಳನ್ನೂ ಇಂಗ್ಲಿಷ್ ಅಕ್ಷರಗಳನ್ನೂ ಓದಿ ಉಳಿದದ್ದನ್ನು ಹಾರಿಸಿತು. ಕನ್ನಡ ಓದುವ ಇ-ಸ್ಪೀಕ್ ಎಂಬ ದನಿ ಉಚಿತವಾಗಿಯೇ ಸಿಗುತ್ತದೆ, ನನ್ನ ಕಂಪ್ಯೂಟರಿನಲ್ಲೂ ಇದೆ. ನೀವು 'ಕೆಎನ್' ಎಂದು ಬರೆದಿದ್ದರೆ ಸಾಕಿತ್ತು.

ಹಿಂದೊಮ್ಮೆ ಇದನ್ನು ತಿಳಿಸಿದಾಗ, ಲಿಪಿ ನೋಡಿ ಯಂತ್ರವೇ ತಿಳಿದುಕೊಳ್ಳಲಿ ಎಂದು ಉತ್ತರ ಕೊಟ್ಟಿರಿ. ಉತ್ತರಿಸಿದ್ದಕ್ಕೆ ಕೃತಜ್ಞ. ಕೆಲವು ತಂತ್ರಾಂಶಗಳು ಹಾಗೆ ಊಹಿಸುತ್ತವೆ, ನಿಜ. ಆದರೆ ತುಳು, ಕೊಂಕಣಿ, ಕೊಡವ ಭಾಷೆಗಳನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ದೇವನಾಗರಿಯಲ್ಲಿ ಬಂದ ಪತ್ರ ಹಿಂದಿಯೋ ಮರಾಠಿಯೋ ಎಂದು ಲಿಪಿ ಹೇಳುವುದಿಲ್ಲ. ಬರೆದವರಿಗೆ ಖಚಿತವಾಗಿ ಗೊತ್ತಿರುವುದನ್ನು ಓದುವವರ ಯಂತ್ರ ಏಕೆ ಊಹಿಸಬೇಕು?

ನಾನು ಕೇಳುತ್ತಿರುವುದು ಹೊಸದೇನಲ್ಲ. ಇಮೇಲಿನ ಹೆಡರಿನಲ್ಲಿ ಭಾಷೆ ತಿಳಿಸುವ 'ಕಂಟೆಂಟ್-ಲ್ಯಾಂಗ್ವೇಜ್' ಸಾಲನ್ನು ಆರ್‌ಎಫ್‌ಸಿ 3282 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ವಿವರಿಸಿದ್ದು 2002ರಲ್ಲಿ. ಪುಟದ ಭಾಷೆಯನ್ನು ಗುರುತಿಸುವುದನ್ನು ಅಂಗವಿಕಲರೂ ಬಳಸಬಲ್ಲ ವೆಬ್ ಪುಟಗಳಿಗಾಗಿ ರೂಪಿಸಿದ 2008ರ ಡಬ್ಲ್ಯೂಸಿಎಜಿ 2.0 ಮಾರ್ಗಸೂಚಿ 'ಎ' ಮಟ್ಟದಲ್ಲಿ, ಅಂದರೆ ತೀರಾ ಕನಿಷ್ಠ ಅಗತ್ಯಗಳ ಸಾಲಿನಲ್ಲಿ ಇಟ್ಟಿದೆ.

ಕೈಮುಗಿದು ಕೇಳುತ್ತೇನೆ: ಮುಂದಿನ ತಿಂಗಳ ಪತ್ರ ಹೊರಡುವ ಮುನ್ನ ಆ ಎರಡಕ್ಷರ ಬದಲಿಸಿ. ನನ್ನ ಪತ್ರವನ್ನು ನಾನೇ ಓದಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಖಾತೆದಾರ